ಗುರುತಿಸುವಿಕೆಯಿಂದ ವೇಗದ ಕಡೆಗೆ: ಹವ್ಯಾಸಿ ರೇಡಿಯೊ ಪರವಾನಗಿಯಲ್ಲಿ ಮೋರ್ಸ್ ಪರೀಕ್ಷೆಯ ಚರಿತ್ರೆ

1. ಪ್ರವೇಶ

ಹವ್ಯಾಸಿ ರೇಡಿಯೊ ನಿಲಯವನ್ನು ನಡೆಸಬಯಸುವ ವ್ಯಕ್ತಿ ಮೋರ್ಸ್ ಸಂಕೇತದಲ್ಲಿ ಪರಿಣತಿಯನ್ನು ತೋರಿಸಲೇಬೇಕೆ ಎಂಬ ಪ್ರಶ್ನೆಯನ್ನು ಇದುವರೆಗೆ ಹೆಚ್ಚಾಗಿ ತಂತ್ರಜ್ಞರು ಮತ್ತು ಹವ್ಯಾಸಿಗಳೇ ಚರ್ಚಿಸಿದ್ದಾರೆ. ಪ್ರಶ್ನೆಯ ತಿರುಳು ಮಾತ್ರ ಭಾಷಿಕವಾದದ್ದು. ಒಂದು ಸಂವಹನ ಸಮುದಾಯವನ್ನು ಪ್ರವೇಶಿಸಲು ಒಂದು ಸಂಕೇತ ವ್ಯವಸ್ಥೆಯ ಜ್ಞಾನವನ್ನು ಪ್ರಭುತ್ವವು ಷರತ್ತಾಗಿ ವಿಧಿಸುತ್ತದೆ. ಹಾಗಿದ್ದರೆ ಎಷ್ಟು ಜ್ಞಾನ ಸಾಕು, ಅದನ್ನು ಯಾವ ಭಾಷೆಯ ಮೂಲಕ ಅಳೆಯಬೇಕು, ಷರತ್ತಿನ ಮೂಲ ಕಾರಣ ಇಲ್ಲವಾದ ಮೇಲೆ ಷರತ್ತಿನ ಗತಿಯೇನು? ಇವು ಭಾಷಾನೀತಿಯ ಅಧ್ಯಯನಕಾರರಿಗೆ ಚಿರಪರಿಚಿತ ಪ್ರಶ್ನೆಗಳು.

ಪ್ರಸ್ತುತ ಲೇಖನದಲ್ಲಿ ನಾವು ಎರಡು ಅಂಶಗಳನ್ನು ಪ್ರತಿಪಾದಿಸುತ್ತೇವೆ. ಮೊದಲನೆಯದಾಗಿ, ಮೋರ್ಸ್ ಷರತ್ತು ಆರಂಭದಲ್ಲಿ ಗ್ರಹಣ ಸಾಮರ್ಥ್ಯದ ಷರತ್ತಾಗಿತ್ತು. ಕಾಲಕ್ರಮದಲ್ಲಿ ಅದು ವೇಗದ ಶ್ರೇಣೀಕರಣವಾಗಿ ಮಾರ್ಪಟ್ಟಿತು. ಎರಡನೆಯದಾಗಿ, ಭಾರತದಲ್ಲಿ ಉಳಿದುಬಂದ ಪರೀಕ್ಷೆಯ ರಚನೆಯು ಸಂಕೇತದ ಜ್ಞಾನದೊಂದಿಗೆ ಇಂಗ್ಲಿಷ್ ಕಾಗುಣಿತದ ಪರಿಚಯವನ್ನೂ ಅಳೆಯುತ್ತದೆ. ಆದ್ದರಿಂದ ಪರವಾನಗಿಗೆ ಮೋರ್ಸ್ ಪರಿಣತಿ ಕಡ್ಡಾಯವಾಗಿರಬಾರದು ಎಂಬುದು ನಮ್ಮ ನಿಲುವು. ಸಂಕೇತದ ಮೇಲಿನ ಅನಾದರ ಈ ನಿಲುವಿಗೆ ಕಾರಣವಲ್ಲವೆಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ.

2. ಸಂಕೇತದ ರಚನೆ

ಮೋರ್ಸ್ ಸಂಕೇತವು ಭಾಷೆಯಲ್ಲ. ಬರಹದ ಮೇಲೆ ಕಟ್ಟಿದ ಮತ್ತೊಂದು ಪದರ. ಮಾತು ಲಿಪಿಯಾಗುತ್ತದೆ, ಲಿಪಿ ಚುಕ್ಕಿ ಮತ್ತು ಗೆರೆಗಳಾಗುತ್ತದೆ. 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಕಳುಹಿಸಿದ ಸ್ಯಾಮುಯೆಲ್ ಮೋರ್ಸ್‌ನ ಉಪಕರಣವು ಕಾಗದದ ಪಟ್ಟಿಯ ಮೇಲೆ ಗುರುತುಗಳನ್ನು ಮೂಡಿಸುತ್ತಿತ್ತು. ಅದನ್ನು ಕಣ್ಣಿನಿಂದ ಓದಬೇಕೆಂಬುದು ಉದ್ದೇಶ. ಆದರೆ ಉಪಕರಣದ ಟಕಟಕ ಸದ್ದನ್ನೇ ಕೇಳಿ ಸಂದೇಶವನ್ನು ಬರೆದುಕೊಳ್ಳಲು ತಂತಿ ಕೆಲಸಗಾರರು ಬೇಗನೆ ಕಲಿತರು. ಹೀಗೆ ಬರಹಕ್ಕಿಳಿದ ಮಾತು ಮತ್ತೆ ಕಿವಿಗೆ ಮರಳಿತು. ಈ ಬದಲಾವಣೆಯನ್ನು ತಂದವರು ಬಳಕೆದಾರರೇ ಹೊರತು ವಿನ್ಯಾಸಕಾರರಲ್ಲ.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ 'ಇ' ಅಕ್ಷರಕ್ಕೆ ಒಂದು ಚುಕ್ಕಿ, 'ಟಿ' ಅಕ್ಷರಕ್ಕೆ ಒಂದು ಗೆರೆ. ಮೋರ್ಸ್‌ನ ಸಹಾಯಕ ಆಲ್ಫ್ರೆಡ್ ವೇಲ್ ಮುದ್ರಣಾಲಯದ ಅಚ್ಚುಮೊಳೆಗಳ ಸಂಖ್ಯೆಯಿಂದ ಅಕ್ಷರಗಳ ಬಳಕೆಯ ಪ್ರಮಾಣವನ್ನು ಅಂದಾಜು ಮಾಡಿದನೆಂಬ ಪ್ರತೀತಿಯಿದೆ. ಕ್ಲಾಡ್ ಶ್ಯಾನನ್ 1948ರ ತನ್ನ ಪ್ರಬಂಧದಲ್ಲಿ ಮಿತವ್ಯಯದ ಸಂಕೇತೀಕರಣಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಇದೂ ಒಂದು. ಇಂದು ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ರೂಪವು ಜರ್ಮನಿಯ ಫ್ರೆಡ್ರಿಕ್ ಗೆರ್ಕೆ 1848ರಲ್ಲಿ ಮಾಡಿದ ಪರಿಷ್ಕರಣೆಯಿಂದ ಬಂದದ್ದು. 1865ರ ಪ್ಯಾರಿಸ್ ತಂತಿ ಸಮ್ಮೇಳನದ ತರುವಾಯ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ಗೆರೆಯ ಅವಧಿ ಚುಕ್ಕಿಯ ಮೂರರಷ್ಟು. ಒಂದೇ ಅಕ್ಷರದ ಅಂಗಗಳ ನಡುವಿನ ಬಿಡುವು ಒಂದು ಚುಕ್ಕಿಯಷ್ಟು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು.

ಕನ್ನಡ ಛಂದಸ್ಸಿನ ಪರಿಚಯವಿರುವವರಿಗೆ ಈ ಲೆಕ್ಕ ಹೊಸದಲ್ಲ. ಚುಕ್ಕಿಯನ್ನು ಅದರ ಹಿಂದೆ ಬರುವ ಬಿಡುವಿನೊಡನೆ ಎಣಿಸಿದರೆ ಎರಡು ಮಾನ, ಗೆರೆಯನ್ನು ಹಾಗೆಯೇ ಎಣಿಸಿದರೆ ನಾಲ್ಕು ಮಾನ. ಅಂದರೆ ಕಿವಿಗೆ ಕೇಳುವ ಲಯದ ಅನುಪಾತ 1:2, ಲಘು ಮತ್ತು ಗುರುಗಳ ಮಾತ್ರಾ ಅನುಪಾತವೇ. ಪ್ರಸ್ತಾರ ಕ್ರಮದಲ್ಲಿ ಮೂರು ಸ್ಥಾನಗಳಿಗೆ ಎಂಟು ವಿನ್ಯಾಸಗಳು. ಅವೇ ಎಂಟು ಅಕ್ಷರಗಣಗಳು. ಮೂರು ಅಂಗಗಳುಳ್ಳ ಮೋರ್ಸ್ ಅಕ್ಷರಗಳೂ ಸರಿಯಾಗಿ ಎಂಟು. 'ಎಸ್' ನಗಣ, 'ಒ' ಮಗಣ, 'ಡಿ' ಭಗಣ, 'ಡಬ್ಲ್ಯು' ಯಗಣ, 'ಆರ್' ಜಗಣ, 'ಕೆ' ರಗಣ, 'ಯು' ಸಗಣ, 'ಜಿ' ತಗಣ. ಈ ಲೆಕ್ಕದಲ್ಲಿ ಎಸ್‌ಒಎಸ್ ಎಂಬ ಅಪಾಯ ಸಂಕೇತದ ಗಣವಿನ್ಯಾಸ ನ-ಮ-ನ. ಇದು ಎರಡು ಪರಂಪರೆಗಳ ನಡುವಿನ ಸಂಬಂಧವನ್ನು ಸೂಚಿಸುವುದಿಲ್ಲ. ಎರಡು ಅವಧಿಗಳ ಸಂಯೋಜನೆಯಿಂದ ವ್ಯವಸ್ಥೆಯನ್ನು ಕಟ್ಟಿದಾಗ ಸಹಜವಾಗಿ ಒದಗುವ ಸಾಮ್ಯವಷ್ಟೇ. ಆದರೂ ಮೋರ್ಸ್ ಮೂಲತಃ ಕಿವಿಯಿಂದ ಕಲಿಯಬೇಕಾದ ಲಯ, ಕಣ್ಣಿನಿಂದ ಎಣಿಸಬೇಕಾದ ಪಟ್ಟಿಯಲ್ಲ ಎಂಬುದನ್ನು ಇದು ಮನದಟ್ಟು ಮಾಡುತ್ತದೆ.

3. ಷರತ್ತಿನ ಹುಟ್ಟು: 1912ರಿಂದ 1927

ನಿಸ್ತಂತು ಸಂವಹನದ ಆರಂಭದ ದಶಕಗಳಲ್ಲಿ ಆಕಾಶವೆಲ್ಲ ಒಂದೇ ಹಾದಿ. ಹಡಗು, ನೌಕಾಪಡೆ, ವಾಣಿಜ್ಯ ನಿಲಯ, ಹವ್ಯಾಸಿ ಎಲ್ಲರೂ ಒಬ್ಬರ ಸಂಜ್ಞೆ ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದ ತರಂಗಗಳನ್ನು ಬಳಸುತ್ತಿದ್ದರು. 1906ರ ಬರ್ಲಿನ್ ಸಮ್ಮೇಳನವು ಎಸ್‌ಒಎಸ್ ಅನ್ನು ಅಪಾಯ ಸಂಕೇತವಾಗಿ ಅಂಗೀಕರಿಸಿತು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ಬಳಿಕ ಅದೇ ವರ್ಷದ ಆಗಸ್ಟ್ 13ರಂದು ಅಮೆರಿಕವು ರೇಡಿಯೊ ಕಾಯಿದೆಯನ್ನು ಜಾರಿಗೊಳಿಸಿ, ಹವ್ಯಾಸಿಗಳನ್ನು 200 ಮೀಟರಿಗಿಂತ ಕಡಿಮೆ ತರಂಗಾಂತರಗಳಿಗೆ ಸೀಮಿತಗೊಳಿಸಿತು.

ಆ ಕಾಯಿದೆಯಡಿ ರೂಪುಗೊಂಡ ಹವ್ಯಾಸಿ ಪರವಾನಗಿಯ ಷರತ್ತಿನ ಒಕ್ಕಣೆ ಗಮನಾರ್ಹ. ಅಪಾಯದ ಕರೆಯನ್ನೂ 'ಪ್ರಸಾರ ನಿಲ್ಲಿಸಿ' ಎಂಬ ಅಧಿಕೃತ ಸಂಜ್ಞೆಯನ್ನೂ ಗುರುತಿಸಲು ಸಾಕಾಗುವಷ್ಟು ವೇಗದಲ್ಲಿ ಹವ್ಯಾಸಿಯು ಮೋರ್ಸ್ ಬಲ್ಲವನಾಗಿರಬೇಕು ಎಂಬುದು ಅದರ ತಾತ್ಪರ್ಯ. ಇಲ್ಲಿ ವೇಗವು ಗುರುತಿಸುವಿಕೆಗೆ ಅಧೀನ. ಹವ್ಯಾಸಿ ನಿರರ್ಗಳವಾಗಿ ಸಂಭಾಷಿಸಬಲ್ಲನೇ ಎಂಬುದಕ್ಕಿಂತ ಬೇರೆಯವರ ಜೀವ ಅಪಾಯದಲ್ಲಿದ್ದಾಗ ಬಾಯಿ ಮುಚ್ಚಿಕೊಳ್ಳಬಲ್ಲನೇ ಎಂಬುದೇ ಮುಖ್ಯವಾಗಿತ್ತು. ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ಹಂಚಿಕೊಂಡ ವಲಯದಲ್ಲಿ ಪರಸ್ಪರ ಗ್ರಾಹ್ಯತೆಯನ್ನು ಖಾತ್ರಿಪಡಿಸುವ ಕನಿಷ್ಠ ಗ್ರಹಣದ ಷರತ್ತು. ಆ ಕಾಲಕ್ಕೆ ಇದು ಸಂಪೂರ್ಣ ನ್ಯಾಯಸಮ್ಮತವಾಗಿತ್ತೆಂದು ನಾವು ಭಾವಿಸುತ್ತೇವೆ.

1927ರ ವಾಷಿಂಗ್ಟನ್ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಈ ಷರತ್ತು ಜಾಗತಿಕ ನಿಯಮವಾಯಿತು. ಆದರೆ ಒಕ್ಕಣೆ ಬದಲಾಯಿತು: ಹವ್ಯಾಸಿಯು ಮೋರ್ಸ್‌ನಲ್ಲಿ ಪಠ್ಯಗಳನ್ನು ಕಳುಹಿಸುವ ಮತ್ತು ಕಿವಿಯಿಂದ ಕೇಳಿ ಸ್ವೀಕರಿಸುವ ಸಾಮರ್ಥ್ಯವನ್ನು ಸಾಬೀತುಪಡಿಸಬೇಕು. ಅಪಾಯ ಸಂಕೇತದ ಜಾಗದಲ್ಲಿ ಪಠ್ಯ ಬಂದಿತು, ಗ್ರಹಣದ ಜೊತೆ ಉತ್ಪಾದನೆಯೂ ಸೇರಿತು. ಉದ್ದೇಶದಿಂದ ಕೌಶಲದ ಕಡೆಗೆ ನಿಯಮ ವಾಲತೊಡಗಿದ್ದು ಇಲ್ಲಿಂದ.

4. ವೇಗದ ಏಣಿ

ನಂತರದ ಚರಿತ್ರೆಯನ್ನು ಅಂಕಿಗಳೇ ಹೇಳುತ್ತವೆ. ಅಮೆರಿಕದಲ್ಲಿ ನಿಮಿಷಕ್ಕೆ 10 ಪದಗಳಿದ್ದ ಮಿತಿಯನ್ನು 1936ರಲ್ಲಿ 13ಕ್ಕೆ ಏರಿಸಲಾಯಿತು. 1951ರ ಪುನರ್ರಚನೆಯಲ್ಲಿ ಆರಂಭಿಕ ದರ್ಜೆಗೆ 5, ಸಾಮಾನ್ಯ ದರ್ಜೆಗೆ 13, ಅತ್ಯುನ್ನತ ದರ್ಜೆಗೆ 20 ಪದಗಳೆಂದು ನಿಗದಿಯಾಯಿತು. ಭಾರತದ 1978ರ ಹವ್ಯಾಸಿ ಸೇವಾ ನಿಯಮಗಳು ಎರಡನೆಯ ದರ್ಜೆಗೆ 5, ಮೊದಲನೆಯ ಮತ್ತು ಉನ್ನತ ದರ್ಜೆಗಳಿಗೆ 12 ಪದಗಳನ್ನು ವಿಧಿಸಿದವು.

ಈ ಅಂಕಿಗಳ ಭೌತಿಕ ಅರ್ಥವನ್ನು ಗಮನಿಸಬೇಕು. ವೇಗವನ್ನು ಅಳೆಯಲು ಬಳಸುವ ಮಾನಕ ಪದ 'ಪ್ಯಾರಿಸ್'. ರೋಮನ್ ಲಿಪಿಯಲ್ಲಿ ಐದು ಅಕ್ಷರಗಳಿರುವ ಈ ಪದದ ಒಟ್ಟು ಅವಧಿ, ಕೊನೆಯ ಬಿಡುವೂ ಸೇರಿ, 50 ಮಾನ. ನಿಮಿಷಕ್ಕೆ 8 ಪದಗಳಾದರೆ ಒಂದು ಚುಕ್ಕಿಗೆ 150 ಮಿಲಿಸೆಕೆಂಡ್, 20 ಪದಗಳಾದರೆ 60 ಮಿಲಿಸೆಕೆಂಡ್. ಮೊದಲನೆಯದರಲ್ಲಿ ಕೇಳುಗನಿಗೆ ಚುಕ್ಕಿ ಗೆರೆಗಳನ್ನು ಎಣಿಸುವಷ್ಟು ವ್ಯವಧಾನವಿದೆ. ಎರಡನೆಯದರಲ್ಲಿ ಇಲ್ಲ, ಅಕ್ಷರವನ್ನು ಇಡಿಯಾಗಿ ಗ್ರಹಿಸಲೇಬೇಕು. ಆದ್ದರಿಂದ 8 ಮತ್ತು 20 ಒಂದೇ ಸಾಮರ್ಥ್ಯದ ಹೆಚ್ಚು ಕಡಿಮೆ ಪ್ರಮಾಣಗಳಲ್ಲ. ಎರಡು ಭಿನ್ನ ಗ್ರಹಣ ವಿಧಾನಗಳು. ಏಣಿಯ ಮೆಟ್ಟಿಲುಗಳನ್ನು ಜೋಡಿಸಿದವರು ಈ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. ವೇಗವು ಆವೃತ್ತಿ ಪಟ್ಟಿಗಳನ್ನೂ ಸವಲತ್ತುಗಳನ್ನೂ ಹಂಚುವ ಮಾನದಂಡವಾಯಿತು. ಹೆಚ್ಚು ವೇಗ ಬಲ್ಲವನು ಹೆಚ್ಚು ಗಂಭೀರ ಹವ್ಯಾಸಿ ಎಂಬ ಗ್ರಹಿಕೆ ಬೇರೂರಿತು. ಒಂದು ನುಡಿಬಗೆಯ ಮೇಲಿನ ಪ್ರಭುತ್ವವನ್ನೇ ವ್ಯಕ್ತಿಯ ಯೋಗ್ಯತೆಯೆಂದು ಎಣಿಸುವ ಪ್ರವೃತ್ತಿ ಸಾಮಾಜಿಕ ಭಾಷಾವಿಜ್ಞಾನಕ್ಕೆ ಹೊಸತಲ್ಲ.

5. ಕಾರಣ ಕರಗಿದ ಬಗೆ: 1947ರಿಂದ 2003

ಷರತ್ತು ಒಮ್ಮೆಗೇ ಬಿದ್ದುಹೋಗಲಿಲ್ಲ, ಮೇಲಿನಿಂದ ಕೆಳಕ್ಕೆ ಸವೆಯಿತು. 1947ರ ಅಟ್ಲಾಂಟಿಕ್ ಸಿಟಿ ಸಮ್ಮೇಳನವು 1000 ಮೆಗಾಹರ್ಟ್ಸ್‌ಗಿಂತ ಮೇಲಿನ ಆವೃತ್ತಿಗಳಲ್ಲಿ ವಿನಾಯಿತಿಗೆ ಅವಕಾಶ ಕೊಟ್ಟಿತು. 1959ರ ಜಿನೀವಾ ಸಮ್ಮೇಳನ ಆ ಗಡಿಯನ್ನು 144 ಮೆಗಾಹರ್ಟ್ಸ್‌ಗೆ, 1979ರ ಸಮ್ಮೇಳನ 30 ಮೆಗಾಹರ್ಟ್ಸ್‌ಗೆ ಇಳಿಸಿತು. 30 ಮೆಗಾಹರ್ಟ್ಸ್‌ಗಿಂತ ಕೆಳಗಿನ ತರಂಗಗಳು ಅಯಾನುಗೋಳದಿಂದ ಬಾಗಿ ಹಿಂತಿರುಗಿ ಖಂಡಗಳನ್ನು ದಾಟುತ್ತವೆ. ಅಂತಾರಾಷ್ಟ್ರೀಯ ಶಿಸ್ತಿನ ವಾದ ಕೊನೆಯವರೆಗೆ ಅಂಟಿಕೊಂಡಿದ್ದುದು ಈ ಪಟ್ಟಿಗಳಿಗೇ.

ಆದರೆ ಆ ವಾದಕ್ಕೆ ಆಧಾರವಾಗಿದ್ದ ಸಾಗರ ಸೇವೆಯೇ ಮೋರ್ಸ್ ಅನ್ನು ಕೈಬಿಟ್ಟಿತು. ಅಮೆರಿಕದ ಕರಾವಳಿ ಕಾವಲು ಪಡೆ 1995ರಲ್ಲಿ ಮೋರ್ಸ್ ಅಪಾಯ ಸಂಕೇತಗಳಿಗೆ ಕಿವಿಗೊಡುವುದನ್ನು ನಿಲ್ಲಿಸಿತು. ಫ್ರಾನ್ಸಿನ ಸಾಗರ ಮೋರ್ಸ್ ಸೇವೆ 1997ರ ಜನವರಿ 31ರಂದು ಮುಕ್ತಾಯಗೊಂಡಿತು. 1999ರ ಫೆಬ್ರವರಿ 1ರಿಂದ ಉಪಗ್ರಹ ಮತ್ತು ಡಿಜಿಟಲ್ ಕರೆಯನ್ನು ಆಧರಿಸಿದ ಜಾಗತಿಕ ಸಾಗರ ಸುರಕ್ಷತಾ ವ್ಯವಸ್ಥೆ ಪೂರ್ಣವಾಗಿ ಜಾರಿಗೆ ಬಂತು. ಹವ್ಯಾಸಿ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟವೇ 2001ರಲ್ಲಿ ಕಡ್ಡಾಯ ಷರತ್ತನ್ನು ತೆಗೆಯುವುದರ ಪರವಾಗಿ ನಿರ್ಣಯಿಸಿತು. 2003ರ ಜೂನ್ ಮತ್ತು ಜುಲೈನಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಂವಹನ ಸಮ್ಮೇಳನವು ಮೋರ್ಸ್ ಪರೀಕ್ಷೆ ಬೇಕೆ ಬೇಡವೇ ಎಂಬ ನಿರ್ಧಾರವನ್ನು ಆಯಾ ದೇಶದ ಆಡಳಿತಕ್ಕೆ ಬಿಟ್ಟಿತು.

ಬ್ರಿಟನ್ ಅದೇ ಜುಲೈನಲ್ಲಿ ಪರೀಕ್ಷೆಯನ್ನು ಕೈಬಿಟ್ಟಿತು. ಅಮೆರಿಕವು 1991ರಲ್ಲಿ ಒಂದು ದರ್ಜೆಯನ್ನು ಮೋರ್ಸ್‌ರಹಿತಗೊಳಿಸಿ, 2000ದಲ್ಲಿ ಉಳಿದೆಲ್ಲಕ್ಕೂ 5 ಪದಗಳ ಏಕರೂಪದ ಮಿತಿಯನ್ನು ಇರಿಸಿ, 2007ರ ಫೆಬ್ರವರಿ 23ರಿಂದ ಅದನ್ನೂ ರದ್ದುಪಡಿಸಿತು. ಭಾರತವು 2003ರ ನಂತರ ನಿಯಮಗಳನ್ನು ಪರಿಷ್ಕರಿಸಿದಾಗ ದರ್ಜೆಗಳನ್ನು ಎರಡಕ್ಕೆ ಇಳಿಸಿತು. ನಿರ್ಬಂಧಿತ ದರ್ಜೆಗೆ ಮೋರ್ಸ್ ಬೇಡ. ಹೆಚ್ಚಿನ ಸವಲತ್ತುಗಳುಳ್ಳ ಸಾಮಾನ್ಯ ದರ್ಜೆಗೆ ನಿಮಿಷಕ್ಕೆ 8 ಪದಗಳು. ಹೊರಗಿನ ಬಾಧ್ಯತೆ ಇಲ್ಲವಾದ ಮೇಲೂ ಷರತ್ತನ್ನು ಉಳಿಸಿಕೊಂಡದ್ದರಿಂದ, ಅದರ ಸಮರ್ಥನೆ ಇನ್ನು ದೇಶದೊಳಗೇ ದೊರೆಯಬೇಕು.

6. ಪರೀಕ್ಷೆ ಅಳೆಯುವುದೇನನ್ನು?

ಸಾಮಾನ್ಯ ದರ್ಜೆಯ ಪರೀಕ್ಷೆಗೆ ನಿಗದಿಯಾದ ಪಠ್ಯವು 200 ಅಕ್ಷರಗಳ 'ಸಾದಾ ಭಾಷೆ'ಯ ಭಾಗ. ಐದು ಅಕ್ಷರಗಳಿಗೆ ಒಂದು ಪದ. ಅಂಕಿ ಮತ್ತು ವಿರಾಮ ಚಿಹ್ನೆಗೆ ಎರಡು ಅಕ್ಷರಗಳ ಲೆಕ್ಕ. ಅವಧಿ ಐದು ನಿಮಿಷ. ಸ್ವೀಕರಿಸುವಾಗ ಐದಕ್ಕಿಂತ ಹೆಚ್ಚು ತಪ್ಪುಗಳಾದರೆ ಅನುತ್ತೀರ್ಣ. ಆದರೆ ಎಲ್ಲಿಯಾದರೂ ಸತತ ಒಂದು ನಿಮಿಷ ತಪ್ಪಿಲ್ಲದೆ ಬರೆದುಕೊಂಡಿದ್ದರೆ ಉತ್ತೀರ್ಣ. ತಂತಿ ನಿಯಮಗಳ ಪರಂಪರೆಯಲ್ಲಿ 'ಸಾದಾ ಭಾಷೆ' ಎಂದರೆ ಗುಪ್ತ ಸಂಕೇತವಲ್ಲದ, ಅರ್ಥವಾಗುವ ಭಾಷೆ. ಅದು ಯಾವ ಭಾಷೆ ಎಂಬುದನ್ನು ಸಂಕೇತದ ರೋಮನ್ ಅಕ್ಷರಮಾಲೆಯೇ ಮೊದಲೇ ತೀರ್ಮಾನಿಸಿಬಿಡುತ್ತದೆ. ವ್ಯವಹಾರದಲ್ಲಿ ಅದು ಇಂಗ್ಲಿಷ್.

ಇದರ ಪರಿಣಾಮವನ್ನು ತಿಳಿಯಲು ಇಂಡಿಯಾನಾ ವಿಶ್ವವಿದ್ಯಾಲಯದ ವಿಲಿಯಂ ಲೋ ಬ್ರಯಾನ್ ಮತ್ತು ನೋಬಲ್ ಹಾರ್ಟರ್ ಅವರು 1897 ಮತ್ತು 1899ರಲ್ಲಿ ಪ್ರಕಟಿಸಿದ ಅಧ್ಯಯನಗಳಿಗೆ ಮರಳಬೇಕು. ಹಾರ್ಟರ್ ಸ್ವತಃ ತಂತಿ ಕೆಲಸ ಬಲ್ಲವರು. ಕಲಿಯುವವರ ಸ್ವೀಕರಣ ಸಾಮರ್ಥ್ಯವನ್ನು ಅವರು ಬಿಡಿ ಅಕ್ಷರಗಳು, ಸಂಬಂಧವಿಲ್ಲದ ಪದಗಳು, ಸುಸಂಬದ್ಧ ಪಠ್ಯ ಎಂಬ ಮೂರು ಬಗೆಯಲ್ಲಿ ಅಳೆದರು. ಕಲಿಕೆ ಮುಂದುವರಿದಂತೆ ಸುಸಂಬದ್ಧ ಪಠ್ಯದ ರೇಖೆ ಉಳಿದೆರಡನ್ನು ಬಿಟ್ಟು ಮೇಲೇರಿತು. ಅಕ್ಷರದ ಅಭ್ಯಾಸದ ಮೇಲೆ ಪದದ ಅಭ್ಯಾಸ, ಅದರ ಮೇಲೆ ವಾಕ್ಯದ ಅಭ್ಯಾಸ ಎಂಬ ಶ್ರೇಣಿಯನ್ನು ಅವರು ಪ್ರತಿಪಾದಿಸಿದರು. ಶ್ರೇಣಿಗಳ ನಡುವೆ ಕಲಿಕೆ ಸ್ಥಗಿತಗೊಳ್ಳುವ ಸಮತಟ್ಟು ಹಂತವೊಂದು ಇದೆಯೆಂಬ ಅವರ ಮಾತನ್ನು ಫ್ರೆಡ್ ಕೆಲ್ಲರ್ 1958ರಲ್ಲಿ ಪ್ರಶ್ನಿಸಿದರು. ಆ ವಿವಾದವೇನೇ ಇರಲಿ, ಅನುಭವಿ ಕೇಳುಗರು ಮೋರ್ಸ್ ಕೇಳುವಾಗ ತಮಗೆ ತಿಳಿದ ಭಾಷೆಯ ನೆರವಿನಿಂದ ಮುಂದಿನದನ್ನು ಊಹಿಸುತ್ತಾರೆ ಎಂಬ ಅಂಶ ನಿಲ್ಲುತ್ತದೆ.

ಹೀಗಿರುವಾಗ ಇಂಗ್ಲಿಷ್ ಮಾಧ್ಯಮದ ಅಭ್ಯರ್ಥಿಗೂ ಕನ್ನಡ ಮಾಧ್ಯಮದ ಅಭ್ಯರ್ಥಿಗೂ 8 ಪದಗಳೆಂದರೆ ಒಂದೇ ಹೊರೆಯಲ್ಲ. ಒಂದು ಅಕ್ಷರ ಕೈತಪ್ಪಿದಾಗ ಮೊದಲನೆಯವನು ಪದದ ಪರಿಚಯದಿಂದ ಅದನ್ನು ತುಂಬಿಕೊಳ್ಳುತ್ತಾನೆ. ಎರಡನೆಯವನಿಗೆ ಆ ಆಸರೆ ಕಡಿಮೆ. ಈ ವೇಗದಲ್ಲಿ ಸ್ವೀಕರಣವು ಬಹುಮಟ್ಟಿಗೆ ಅಕ್ಷರಶಃ ನಡೆಯುವುದರಿಂದ ವ್ಯತ್ಯಾಸ ಅಲ್ಪವೆಂದು ವಾದಿಸಬಹುದು. ಆದರೆ ಐದು ಮತ್ತು ಆರು ತಪ್ಪುಗಳ ನಡುವೆ ಪರವಾನಗಿ ನಿರ್ಧಾರವಾಗುವಲ್ಲಿ ಅಲ್ಪ ವ್ಯತ್ಯಾಸವೂ ನಿರ್ಣಾಯಕವೇ. ಸಂಕೇತದ ಜ್ಞಾನವನ್ನಷ್ಟೇ ಅಳೆಯುವುದು ಉದ್ದೇಶವಾಗಿದ್ದರೆ ಅರ್ಥರಹಿತ ಅಕ್ಷರ ಗುಚ್ಛಗಳನ್ನು ಕೊಡಬಹುದಿತ್ತು.

ಮೋರ್ಸ್ ಸ್ವಭಾವತಃ ರೋಮನ್ ಲಿಪಿಗೆ ಬದ್ಧವಾದದ್ದೇನೂ ಅಲ್ಲ. ಜಪಾನಿನಲ್ಲಿ ಕಾನಾ ಅಕ್ಷರಗಳಿಗೆ ಪ್ರತ್ಯೇಕ ಮೋರ್ಸ್ ಇದೆ, ಅಲ್ಲಿನ ಹವ್ಯಾಸಿಗಳು ಅದನ್ನು ಬಳಸುತ್ತಾರೆ. ಚೀನೀ ತಂತಿ ಸಂಕೇತದಲ್ಲಿ ಪ್ರತಿ ಲಿಪಿಚಿಹ್ನೆಗೂ ನಾಲ್ಕು ಅಂಕಿಗಳಿದ್ದವು. ಕನ್ನಡದ ಲೆಕ್ಕ ಮಾಡಿ ನೋಡೋಣ. ನಾಲ್ಕು ಅಂಗಗಳವರೆಗಿನ ವಿನ್ಯಾಸಗಳು 2, 4, 8, 16, ಒಟ್ಟು 30. ಐದು ಅಂಗಗಳ 32ರಲ್ಲಿ ಅಂಕಿಗಳು 10ನ್ನು ತೆಗೆದುಕೊಂಡರೆ ಉಳಿದದ್ದು 22. ಹೀಗೆ ಲಭ್ಯವಾಗುವ 52 ಸ್ಥಾನಗಳಲ್ಲಿ ವರ್ಣಮಾಲೆಯ 49 ಅಕ್ಷರಗಳೂ ಅರ್ಧಾಕ್ಷರದ ಒಂದು ಚಿಹ್ನೆಯೂ ಹಿಡಿಯುತ್ತವೆ. ವ್ಯಂಜನದಲ್ಲೇ ಅಡಗಿರುವ ಅಕಾರಕ್ಕೆ ಯಾವ ಸಂಜ್ಞೆಯೂ ಬೇಕಾಗದೆ ಉಳಿತಾಯವಾಗುತ್ತದೆ. ಐದು ಅಂಗಗಳ ಕೆಲವು ಕಾರ್ಯವಿಧಾನ ಸಂಜ್ಞೆಗಳೊಡನೆ ಘರ್ಷಣೆಯಾಗುವುದಾದರೂ ಹೊಂದಾಣಿಕೆ ಅಸಾಧ್ಯವೇನಲ್ಲ. ಆದರೆ ಅಂತಾರಾಷ್ಟ್ರೀಯ ಶಿಫಾರಸು ರೋಮನ್ ಅಕ್ಷರಗಳು, ಅಂಕಿಗಳು ಮತ್ತು ಕೆಲವು ಚಿಹ್ನೆಗಳಿಗಷ್ಟೇ ಸೀಮಿತ. ಅದರಲ್ಲಿ ಕನ್ನಡವನ್ನು ಕಳುಹಿಸಿದರೆ 'ಹಳ್ಳಿ'ಯೂ 'ಹಲ್ಲಿ'ಯೂ ಒಂದೇ ಆಗುತ್ತವೆ, 'ಬಳೆ'ಯೂ 'ಬಲೆ'ಯೂ ಬೇರೆಯಾಗುವುದಿಲ್ಲ.

7. ಪ್ರತಿವಾದಗಳು ಮತ್ತು ಸಂಕೇತದ ಉಳಿವು

ಕಡ್ಡಾಯದ ಪರವಾದ ಅತ್ಯಂತ ಗಟ್ಟಿ ವಾದವು ತಾಂತ್ರಿಕವಾದದ್ದು. ಮೋರ್ಸ್ ಸಂಜ್ಞೆಗೆ ಸುಮಾರು 150 ಹರ್ಟ್ಸ್ ಅಗಲದ ಪಟ್ಟಿ ಸಾಕು. ಏಕಪಾರ್ಶ್ವ ಧ್ವನಿ ಪ್ರಸಾರಕ್ಕೆ 2400 ಹರ್ಟ್ಸ್ ಅಥವಾ ಹೆಚ್ಚು ಬೇಕು. ಸರಳ ಉಪಕರಣ ಮತ್ತು ಅಲ್ಪ ಶಕ್ತಿಯಿಂದ ದೂರ ತಲುಪಬಹುದು. ಇದು ನಿಜ. ಆದರೆ 2017ರಲ್ಲಿ ಬಂದ ಎಫ್‌ಟಿ8ನಂತಹ ಡಿಜಿಟಲ್ ವಿಧಾನಗಳು ಸುಮಾರು 50 ಹರ್ಟ್ಸ್‌ನಲ್ಲಿ, ಕಿವಿಗೆ ಕೇಳಿಸದಷ್ಟು ಕ್ಷೀಣ ಸಂಜ್ಞೆಯನ್ನೂ ಬಿಡಿಸಬಲ್ಲವು. ಅವುಗಳಿಗೆ ಗಣಕ ಬೇಕು. ಮೋರ್ಸ್‌ಗೆ ಮನುಷ್ಯನ ಕಿವಿಯೊಂದೇ ಸಾಕು ಎಂಬ ವ್ಯತ್ಯಾಸ ಉಳಿಯುತ್ತದೆ. ಹಾಗಿದ್ದರೂ ಒಂದು ವಿಧಾನದ ಶ್ರೇಷ್ಠತೆಯು ಅದನ್ನು ಕಲಿಯಲು ಕಾರಣವೇ ಹೊರತು, ಕಲಿಯದವರನ್ನು ಇತರ ವಿಧಾನಗಳಿಂದಲೂ ದೂರವಿಡಲು ಕಾರಣವಲ್ಲ.

ಪರೀಕ್ಷೆ ಹೋದರೆ ಸಂಕೇತವೂ ಅಳಿಯುತ್ತದೆ ಎಂಬುದು ಇನ್ನೊಂದು ವಾದ. ಭಾಷಾ ಸಾತತ್ಯದ ಅಧ್ಯಯನಗಳು ಇದನ್ನು ಬೆಂಬಲಿಸುವುದಿಲ್ಲ. ಪರೀಕ್ಷೆಗೆಂದು ಕಲಿತದ್ದು ಪರೀಕ್ಷೆಯೊಡನೆ ಮರೆಯಾಗುತ್ತದೆ. ಬಳಕೆಯ ವಲಯವೂ ಕಲಿಸುವ ಹಿರಿಯರೂ ಇರುವಲ್ಲಿ ಅದು ಮುಂದಿನವರಿಗೆ ದಾಟುತ್ತದೆ. ನಿಧಾನ ವೇಗದ ಪರೀಕ್ಷೆಯು ಚುಕ್ಕಿ ಗೆರೆಗಳನ್ನು ಎಣಿಸುವ ಅಭ್ಯಾಸವನ್ನೇ ಬೆಳೆಸಿ ಮುಂದಿನ ಕಲಿಕೆಗೆ ಅಡ್ಡಿಯಾಗುವುದೂ ಉಂಟು. ಇದಕ್ಕಾಗಿಯೇ ಫಾರ್ನ್ಸ್‌ವರ್ತ್ ವಿಧಾನದಲ್ಲಿ ಅಕ್ಷರಗಳನ್ನು ವೇಗವಾಗಿ ಕಳುಹಿಸಿ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸುತ್ತಾರೆ. ಪರೀಕ್ಷೆ ರದ್ದಾದ ಅಮೆರಿಕದಲ್ಲಿ ಮುಂದಿನ ದಶಕದಲ್ಲಿ ಪರವಾನಗಿದಾರರ ಸಂಖ್ಯೆ 7 ಲಕ್ಷವನ್ನು ದಾಟಿತು, ಮೋರ್ಸ್‌ಗೆಂದೇ ಮೀಸಲಾದ ಕೂಟಗಳು ಅಲ್ಲಿ ಸಕ್ರಿಯವಾಗಿವೆ. ಜರ್ಮನಿಯು 2014ರಲ್ಲಿ ಮೋರ್ಸ್ ತಂತಿವಿದ್ಯೆಯನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಈ ಹೋಲಿಕೆಯನ್ನು ಕನ್ನಡದಂತಹ ಸಹಜ ಭಾಷೆಗಳ ಶಿಕ್ಷಣ ನೀತಿಗೆ ನೇರವಾಗಿ ಒಯ್ಯಬಾರದೆಂಬ ಎಚ್ಚರ ನಮಗಿದೆ. ಸಹಜ ಭಾಷೆಯ ವಲಯ ಇಡೀ ಬದುಕು. ಮೋರ್ಸ್‌ನ ವಲಯ ಒಂದು ಹವ್ಯಾಸದೊಳಗಿನ ಒಂದು ಆಯ್ಕೆ. ಕಡ್ಡಾಯದ ನ್ಯಾಯಾನ್ಯಾಯವನ್ನು ತೂಗುವಾಗ ಈ ಅಂತರ ಮುಖ್ಯ.

8. ಸಮಾರೋಪ

1912ರ ಷರತ್ತು ಕೇಳಿದ್ದು ಗುರುತಿಸುವ ಸಾಮರ್ಥ್ಯವನ್ನು. ಆ ಗುರುತಿಸುವಿಕೆಗೆ ಕಾರಣವಾಗಿದ್ದ ಸಂಜ್ಞೆಗಳು ಸಾಗರದಿಂದ ಮರೆಯಾದ ಮೇಲೂ ವೇಗದ ಅಂಕಿ ಉಳಿಯಿತು. ಆದ್ದರಿಂದ ಪರವಾನಗಿಯಿಂದ ಮೋರ್ಸ್ ಪರಿಣತಿಯ ಕಡ್ಡಾಯವನ್ನು ತೆಗೆದು, ಬಯಸಿದವರಿಗೆ ಪ್ರತ್ಯೇಕ ಅರ್ಹತಾಪತ್ರವನ್ನು ನೀಡುವುದು ಸೂಕ್ತ. ಪರೀಕ್ಷೆಯನ್ನು ಉಳಿಸಿಕೊಳ್ಳುವ ಆಡಳಿತಗಳು ಕನಿಷ್ಠ ಪಕ್ಷ ಇಂಗ್ಲಿಷ್ ಪಠ್ಯದ ಬದಲು ಅಕ್ಷರ ಗುಚ್ಛಗಳನ್ನು ಬಳಸಬೇಕು.

ಭಾಷಾವಿಜ್ಞಾನಿಗಳಿಗೂ ಇಲ್ಲಿ ಕೆಲಸವಿದೆ. ಹವ್ಯಾಸಿಗಳ ಮೋರ್ಸ್ ಸಂಭಾಷಣೆಯಲ್ಲಿ ಕ್ಯೂ ಸಂಕೇತಗಳು, ವಂದನೆಯ 73, ಸಂಕ್ಷಿಪ್ತ ಪದಗಳು ಸೇರಿ ಒಂದು ವಿಶಿಷ್ಟ ನುಡಿಬಗೆ ರೂಪುಗೊಂಡಿದೆ. ಪರಸ್ಪರರ ಭಾಷೆ ಅರಿಯದ ಇಬ್ಬರು ಅದರಲ್ಲಿ ಹೆಸರು, ಊರು, ಹವಾಮಾನ, ಉಪಕರಣಗಳ ವಿವರವನ್ನು ಹಂಚಿಕೊಳ್ಳುತ್ತಾರೆ. ಬರವಣಿಗೆಯಿಂದ ವ್ಯಕ್ತಿಯನ್ನು ಗುರುತಿಸುವಂತೆ, ಕೀಲಿಯ ಮೇಲಿನ ಕೈಯ ಲಯದಿಂದಲೇ ಅವರು ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಭಾರತದ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಕಿವಿಯಿಂದ ಮೋರ್ಸ್ ಬರೆದುಕೊಳ್ಳುತ್ತಿದ್ದ ತಂತಿ ಕಚೇರಿಯ ನಿವೃತ್ತ ನೌಕರರೂ ಹಿರಿಯ ಹವ್ಯಾಸಿಗಳೂ ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಲಯ, ಸಂಕ್ಷಿಪ್ತ ರೂಪಗಳು ಮತ್ತು ಕಲಿಕೆಯ ನೆನಪುಗಳನ್ನು ಧ್ವನಿಮುದ್ರಿಸಿ ಇಡುವುದು ನಮ್ಮ ವಿಭಾಗಗಳು ತುರ್ತಾಗಿ ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ.